ಐವರ ಕೈಯಲ್ಲಿ ಒಂದು ಕೋಟಿ ಜನ

ಅಮೆರಿಕದ ಲಾಸ್ ಏಂಜಲಿಸ್ ಕೌಂಟಿಯಲ್ಲಿ 2020ರ ಜನಗಣತಿಯಂತೆ ಒಂದು ಕೋಟಿಗೂ ಮಿಕ್ಕಿ ಜನರಿದ್ದಾರೆ. ಆ ದೇಶದ ಬಹುಪಾಲು ರಾಜ್ಯಗಳಲ್ಲೇ ಇಷ್ಟು ಜನರಿಲ್ಲ. ಇಲ್ಲಿನ ಸರ್ಕಾರಿ ಆಸ್ಪತ್ರೆಗಳು, ಜೈಲುಗಳು, ತಂದೆತಾಯಿಯ ಆಸರೆ ತಪ್ಪಿದ ಮಕ್ಕಳ ಪಾಲನೆ, ಮನೆಯಿಲ್ಲದವರ ನೆರವು, ಮತದಾರರ ಪಟ್ಟಿ ಇವೆಲ್ಲದರ ಹೊಣೆ ಚುನಾಯಿತ ‘ಬೋರ್ಡ್ ಆಫ್ ಸೂಪರ್‌ವೈಸರ್ಸ್’ ಮೇಲಿದೆ. ಅದರ ಸದಸ್ಯರು ಐದೇ ಜನ. ಅಂದರೆ ಒಬ್ಬ ಸೂಪರ್‌ವೈಸರ್‌ಗೆ ಇಪ್ಪತ್ತು ಲಕ್ಷ ಜನ. ವಾಷಿಂಗ್ಟನ್ನಿನ ಸಂಸತ್ತಿನ ಕೆಳಮನೆಗೆ ಹೋಗುವ ಸದಸ್ಯ ಪ್ರತಿನಿಧಿಸುವುದೂ ಸುಮಾರು ಏಳೂವರೆ ಲಕ್ಷ ಜನರನ್ನಷ್ಟೆ. 2011ರ ಜನಗಣತಿಯಲ್ಲಿ 84 ಲಕ್ಷ ಜನರಿದ್ದ ಬೆಂಗಳೂರಿಗೆ ಆಗ 198 ಕಾರ್ಪೊರೇಟರ್‌ಗಳಿದ್ದರು ಎಂಬುದನ್ನು ನೆನೆದರೆ ಈ ಐದರ ಅಳತೆ ನಮಗೆ ತಿಳಿಯುತ್ತದೆ.

ಈ ಸಂಖ್ಯೆ ಬಂದದ್ದು 1852ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಕ್ಯಾಲಿಫೋರ್ನಿಯಾ ತನ್ನನ್ನು 27 ಕೌಂಟಿಗಳಾಗಿ ವಿಂಗಡಿಸಿಕೊಂಡಾಗ ಲಾಸ್ ಏಂಜಲಿಸ್ ಕೆಲವೇ ಸಾವಿರ ಜನರ ದನಗಾಹಿ ಸೀಮೆ. ಅಲ್ಲಿಗೆ ಐವರು ಸಾಕಾಗಿತ್ತು. 1912ರಲ್ಲಿ ಮತದಾರರು ಕೌಂಟಿಗೆ ಸ್ವಂತ ಚಾರ್ಟರ್ ಒಪ್ಪಿಕೊಂಡರು. ಮರುವರ್ಷ ಅದು ಜಾರಿಗೆ ಬಂತು. ತನ್ನ ಆಡಳಿತದ ಚೌಕಟ್ಟನ್ನು ತಾನೇ ಬರೆದುಕೊಂಡ ಕೌಂಟಿಗಳಲ್ಲಿ ಇದು ಮೊದಲನೆಯದು. ಆಗಿನ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಅಲ್ಲಿಂದ ಈಚೆಗೆ ಜನ ಇಪ್ಪತ್ತು ಪಟ್ಟಾದರು, ಬೋರ್ಡ್ ಮಾತ್ರ ಬೆಳೆಯಲಿಲ್ಲ.

ಸಂಖ್ಯೆಗಿಂತ ಹೆಚ್ಚು ಯೋಚನೆಗೆ ಹಚ್ಚುವುದು ಅಧಿಕಾರದ ಸ್ವರೂಪ. ಈ ಐವರೇ ಕಾನೂನು ಮಾಡುತ್ತಾರೆ, ಅವರೇ ಬಜೆಟ್ ಒಪ್ಪುತ್ತಾರೆ, ಇಲಾಖೆಗಳ ಮುಖ್ಯಸ್ಥರನ್ನೂ ಅವರೇ ನೇಮಿಸುತ್ತಾರೆ; ಕೆಲವು ಮೇಲ್ಮನವಿಗಳ ತೀರ್ಪೂ ಅವರದೇ. ಶೆರೀಫ್, ಡಿಸ್ಟ್ರಿಕ್ಟ್ ಅಟಾರ್ನಿ ಮತ್ತು ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಅಸೆಸರ್ ಈ ಮೂವರನ್ನು ಮಾತ್ರ ಜನ ಬೇರೆಯಾಗಿ ಆರಿಸುತ್ತಾರೆ. ನಗರಕ್ಕೆ ಮೇಯರ್ ಇದ್ದಾನೆ, ರಾಜ್ಯಕ್ಕೆ ಗವರ್ನರ್ ಇದ್ದಾನೆ, ಕೌಂಟಿಗೆ ಮಾತ್ರ ‘ಇದಕ್ಕೆ ನಾನು ಹೊಣೆ’ ಎನ್ನುವ ಒಬ್ಬ ಚುನಾಯಿತ ಮುಖ್ಯಸ್ಥ ಇಲ್ಲ. ‘ಐವರು ಪುಟ್ಟ ರಾಜರು’ ಎಂಬ ಅಡ್ಡಹೆಸರು ಈ ಬೋರ್ಡಿಗೆ ಅಂಟಿಕೊಂಡದ್ದು ಹೀಗೆ. ಒಬ್ಬೊಬ್ಬರಿಗೂ ತಮ್ಮ ಕ್ಷೇತ್ರವೇ ಸಂಸ್ಥಾನ. ಇನ್ನೊಬ್ಬರ ಸಂಸ್ಥಾನಕ್ಕೆ ಕೈಹಾಕದಿರುವುದು ಬಹುಕಾಲದ ರೂಢಿ.

ಈ ರೂಢಿಯಿಂದ ಒಳ್ಳೆಯದೇನೂ ಆಗಲಿಲ್ಲ ಎಂದರೆ ಅನ್ಯಾಯದ ಮಾತಾಗುತ್ತದೆ. 1952ರಿಂದ 1992ರವರೆಗೆ, ನಲವತ್ತು ವರ್ಷ ಸೂಪರ್‌ವೈಸರ್ ಆಗಿದ್ದ ಕೆನೆತ್ ಹಾನ್, ದಕ್ಷಿಣ ಲಾಸ್ ಏಂಜಲಿಸ್‌ನ ಬಡ ಕಪ್ಪು ಜನರ ಬವಣೆಯನ್ನು ತಮ್ಮದೆಂದುಕೊಂಡವರು. ರೋಗಿ ಆಸ್ಪತ್ರೆ ಮುಟ್ಟುವ ಮೊದಲೇ ರಸ್ತೆಯಲ್ಲಿ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಸೇವೆಗೆ 1970ರಲ್ಲಿ ಕಾನೂನಿನ ಬಲ ಬಂದದ್ದರಲ್ಲಿ ಅವರ ಪಾಲು ದೊಡ್ಡದು. 1965ರಲ್ಲಿ ಅಲ್ಲಿನ ವಾಟ್ಸ್ ಬಡಾವಣೆಯಲ್ಲಿ ನಡೆದ ಗಲಭೆಯ ನಂತರ ಅದೇ ಸೀಮೆಗೆ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಆಸ್ಪತ್ರೆ ಬಂತು. 1972ರಲ್ಲಿ ಬಾಗಿಲು ತೆರೆಯಿತು. ಆದರೆ ಅದೇ ಆಸ್ಪತ್ರೆ ರೋಗಿಗಳ ಆರೈಕೆಯಲ್ಲಿ ಮತ್ತೆ ಮತ್ತೆ ಎಡವಿ, ಕೇಂದ್ರದ ಹಣ ಕೈತಪ್ಪಿ, 2007ರಲ್ಲಿ ಮುಚ್ಚಿತು. ಹೊಸ ರೂಪದಲ್ಲಿ ಮತ್ತೆ ತೆರೆದದ್ದು 2015ರಲ್ಲಿ. ಎಂಟು ವರ್ಷ ಆ ಬಡ ಜನರಿಗೆ ಹತ್ತಿರದ ಆಸ್ಪತ್ರೆ ಇಲ್ಲದಂತೆ ಮಾಡಿದವರು ಯಾರು? ಆ ಕ್ಷೇತ್ರದ ಸೂಪರ್‌ವೈಸರೇ, ಉಳಿದ ನಾಲ್ವರೇ, ಅವರು ನೇಮಿಸಿದ ಅಧಿಕಾರಿಗಳೇ? ಮತದಾರ ಬೊಟ್ಟು ಮಾಡಿ ತೋರಿಸಬಹುದಾದ ಒಂದು ಮುಖ ಅಲ್ಲಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಇದು: ಯಶಸ್ಸಿಗೆ ಒಬ್ಬರ ಹೆಸರು ಬರುತ್ತದೆ, ಸೋಲು ಐವರ ನಡುವೆ ಹಂಚಿ ಕರಗಿಹೋಗುತ್ತದೆ.

ಇದೇ ದೋಷ ಇನ್ನೂ ಕ್ರೂರವಾಗಿ ಕಂಡದ್ದು 2025ರ ಜನವರಿಯಲ್ಲಿ. ಕೌಂಟಿಯಲ್ಲಿ 88 ನಗರಗಳಿವೆ. ಅವುಗಳ ಹೊರಗೆ, ಮೇಯರೂ ನಗರಸಭೆಯೂ ಇಲ್ಲದ ಊರುಗಳಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದಾರೆ. ಅವರಿಗೆ ಕ್ಷೇತ್ರದ ಸೂಪರ್‌ವೈಸರೇ ಮೇಯರ್. ಆಲ್ಟಡೀನಾ ಅಂಥ ಒಂದು ಊರು. ಈಟನ್ ಕಾಳ್ಗಿಚ್ಚು ಅದನ್ನು ಸುಟ್ಟ ರಾತ್ರಿ ಊರಿನ ಪಶ್ಚಿಮ ಭಾಗಕ್ಕೆ ಮನೆ ಬಿಟ್ಟು ಹೊರಡಿ ಎಂಬ ಆದೇಶ ಮುಟ್ಟಿದ್ದು ಬೆಂಕಿ ಹೊತ್ತಿಕೊಂಡು ಎಷ್ಟೋ ಗಂಟೆಗಳ ಮೇಲೆ. ಸತ್ತವರಲ್ಲಿ ಬಹುತೇಕರು ಆ ಭಾಗದವರೇ. ಉಳಿದವರು ಉತ್ತರ ಕೇಳಲು ಹೊರಟರೆ ಅವರ ಮುಂದಿದ್ದದ್ದು ಶೆರೀಫ್ ಇಲಾಖೆ, ಅಗ್ನಿಶಾಮಕ ಇಲಾಖೆ, ತುರ್ತು ನಿರ್ವಹಣಾ ಕಚೇರಿ. ಕೇಳಲು ಬಾಗಿಲುಗಳು ಹಲವು, ಉತ್ತರಿಸಬೇಕಾದ ಒಬ್ಬನೇ ವ್ಯಕ್ತಿ ಎಲ್ಲೂ ಇಲ್ಲ.

ಬೋರ್ಡಿನಲ್ಲಿ ಯಾರಿದ್ದರು ಎಂಬ ಕತೆ ಬೇರೆಯೇ ಇದೆ. ಕೌಂಟಿಯ ಊರುಗಳ, ಬೀದಿಗಳ ಹೆಸರಲ್ಲೆಲ್ಲ ಸ್ಪ್ಯಾನಿಷ್ ತುಂಬಿದ್ದರೂ 1875ರ ನಂತರ ನೂರು ವರ್ಷಕ್ಕೂ ಮಿಕ್ಕಿ ಒಬ್ಬ ಹಿಸ್ಪಾನಿಕ್ ಸದಸ್ಯನೂ ಆ ಸಭೆಯಲ್ಲಿ ಕೂರಲಿಲ್ಲ. 1980ರ ಜನಗಣತಿಯಲ್ಲಿ ಅವರು ಜನಸಂಖ್ಯೆಯ ಕಾಲುಭಾಗ ದಾಟಿದ್ದರು. ಮರುವರ್ಷ ಕ್ಷೇತ್ರಗಳ ಗಡಿ ಹೊಸದಾಗಿ ಎಳೆಯುವ ಕೆಲಸ ಬಂತು. ಎಳೆಯುವವರು ಯಾರು? ಅದೇ ಐವರು ಸೂಪರ್‌ವೈಸರ್‌ಗಳು. ಹಿಸ್ಪಾನಿಕ್ ಮತದಾರರು ಒತ್ತಾಗಿ ನೆಲೆಸಿದ್ದ ಪ್ರದೇಶವನ್ನು ಒಡೆದು ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿದರೆ ಅವರ ಮತಕ್ಕೆ ಎಲ್ಲೂ ಬಲ ಬರುವುದಿಲ್ಲ, ಐವರ ಕುರ್ಚಿಗಳು ಭದ್ರ. ಹಾಗೆಯೇ ಮಾಡಿದರು. 1988ರಲ್ಲಿ ಇದರ ವಿರುದ್ಧ ‘ಗಾರ್ಜಾ’ ಮೊಕದ್ದಮೆ ಹೂಡಲಾಯಿತು; ಅಮೆರಿಕದ ನ್ಯಾಯ ಇಲಾಖೆಯೂ ಕೌಂಟಿಯ ವಿರುದ್ಧ ನಿಂತಿತು. 1990ರಲ್ಲಿ ನ್ಯಾಯಾಧೀಶ ಡೇವಿಡ್ ಕೆನ್ಯನ್ ಕೊಟ್ಟ ತೀರ್ಪು ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಅಂಶವೊಂದಿದೆ. ಸದಸ್ಯರ ಉದ್ದೇಶ ಮುಖ್ಯವಾಗಿ ತಮ್ಮ ಸ್ಥಾನ ಉಳಿಸಿಕೊಳ್ಳುವುದಾಗಿತ್ತು. ಅದಕ್ಕೆ ಆರಿಸಿಕೊಂಡ ದಾರಿ ಹಿಸ್ಪಾನಿಕ್ ಮತಗಳನ್ನು ಒಡೆಯುವುದಾಗಿತ್ತು. ಬುದ್ಧಿಪೂರ್ವಕವಾಗಿ ಆ ದಾರಿ ಹಿಡಿದ ಮೇಲೆ ಅದು ತಾರತಮ್ಯವೇ. ಮನಸ್ಸಿನಲ್ಲಿ ದ್ವೇಷ ಇರಲೇಬೇಕೆಂದಿಲ್ಲ. ಕುರ್ಚಿಯ ಆಸೆಯೊಂದೇ ಇಡೀ ಸಮುದಾಯದ ಬಾಯಿ ಕಟ್ಟಬಲ್ಲದು.

ಮೇಲಿನ ನ್ಯಾಯಾಲಯವೂ ಈ ತೀರ್ಪನ್ನು ಎತ್ತಿಹಿಡಿಯಿತು. ಹೊಸ ಗಡಿಗಳಲ್ಲಿ 1991ರ ಫೆಬ್ರುವರಿಯಲ್ಲಿ ಚುನಾವಣೆ ನಡೆದು ಹಿಸ್ಪಾನಿಕ್ ಸಮುದಾಯದ ಗ್ಲೋರಿಯಾ ಮೊಲಿನಾ ಗೆದ್ದರು. ಆ ಬೋರ್ಡಿಗೆ ಚುನಾವಣೆಯಲ್ಲಿ ಗೆದ್ದು ಬಂದ ಮೊದಲ ಮಹಿಳೆಯೂ ಅವರೇ. ಅದಕ್ಕೂ ಮೊದಲು, 1979ರಲ್ಲಿ, ಗವರ್ನರ್ ನೇಮಕದಿಂದ ಬಂದಿದ್ದ ಕಪ್ಪು ಮಹಿಳೆ ಇವಾನ್ ಬ್ರಾತ್‌ವೇಟ್ ಬರ್ಕ್ ಮರುವರ್ಷದ ಚುನಾವಣೆಯಲ್ಲಿ ಸೋತಿದ್ದರು. 1992ರಲ್ಲಿ ಗೆದ್ದು ಮರಳಿದರು. 2020ರ ಕೊನೆಗೆ ಐವರೂ ಮಹಿಳೆಯರೇ ಆದರು. ಅವರಲ್ಲೊಬ್ಬರು ಕೆನೆತ್ ಹಾನ್ ಅವರ ಮಗಳು ಜಾನಿಸ್ ಹಾನ್. ಹೀಗೆ ಬೋರ್ಡಿನ ಮುಖ ಬದಲಾಗಲು ಒಂದು ಕೋರ್ಟ್ ಆದೇಶ ಬೇಕಾಯಿತು, ಬೋರ್ಡಿನ ಒಳಗಿನಿಂದ ಆ ಬದಲಾವಣೆ ಬರಲಿಲ್ಲ. 2002ರಲ್ಲಿ ಮತದಾರರು ಹಾಕಿದ ಮೂರು ಅವಧಿಗಳ ಮಿತಿ, 2021ರಲ್ಲಿ ಮೊದಲ ಬಾರಿಗೆ ಗಡಿ ಎಳೆದ ಸ್ವತಂತ್ರ ನಾಗರಿಕ ಆಯೋಗ ಇವೆರಡೂ ನಲವತ್ತು ವರ್ಷದ ಸಂಸ್ಥಾನಗಳಿಗೆ ತೆರೆ ಎಳೆದವು.

ಹಾಗಿದ್ದರೂ ಐದು ಐದಾಗಿಯೇ ಉಳಿಯಿತು. 1992ರಲ್ಲಿ, 2000ದಲ್ಲಿ ಒಂಬತ್ತಕ್ಕೆ ಏರಿಸುವ ಪ್ರಸ್ತಾವ ಬಂದಾಗ ಜನರೇ ಬೇಡವೆಂದರು. ರಾಜಕಾರಣಿಗಳು ಹೆಚ್ಚಾದರೆ ಖರ್ಚೂ ಹೆಚ್ಚು ಎಂಬ ವಾದ ಎರಡು ಸಲವೂ ಗೆದ್ದಿತು. ಆ ಅನುಮಾನವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಇಪ್ಪತ್ತು ಲಕ್ಷ ಜನರ ಮುಂದೆ ಒಬ್ಬ ಪ್ರತಿನಿಧಿ ನಿಂತಾಗ ಅವನನ್ನು ತಲುಪುವವರು ಹಣವಂತರು, ಗುತ್ತಿಗೆದಾರರು, ಬಲಿಷ್ಠ ಕಾರ್ಮಿಕ ಸಂಘಗಳು ಮಾತ್ರ. ಪ್ರತಿನಿಧಿಗಳ ಸಂಬಳದಲ್ಲಿ ಉಳಿಸಿದ ಹಣಕ್ಕೆ ಬಡವರು ತೆರುವ ಬೆಲೆ ಅದು.

ಕೊನೆಗೆ 2024ರ ನವೆಂಬರ್‌ನಲ್ಲಿ ‘ಮೆಷರ್ ಜಿ’ ಎಂಬ ಚಾರ್ಟರ್ ತಿದ್ದುಪಡಿ ಜನಮತದಲ್ಲಿ ಅಲ್ಪ ಅಂತರದಿಂದ ಗೆದ್ದಿತು. ಸೂಪರ್‌ವೈಸರ್‌ಗಳಲ್ಲಿ ಜಾನಿಸ್ ಹಾನ್ ಮತ್ತು ಲಿಂಡ್ಸೆ ಹೋರ್ವಾತ್ ಅದನ್ನು ಮುಂದಿಟ್ಟವರು. ಹಾಲಿ ಮಿಚೆಲ್ ಮತ್ತು ಕ್ಯಾಥರಿನ್ ಬಾರ್ಗರ್ ವಿರೋಧಿಸಿದವರು. ಅದರ ಪ್ರಕಾರ 2028ರಲ್ಲಿ ಇಡೀ ಕೌಂಟಿ ಸೇರಿ ಒಬ್ಬ ಕಾರ್ಯನಿರ್ವಾಹಕ ಮುಖ್ಯಸ್ಥನನ್ನು ಆರಿಸಬೇಕು, 2032ರಲ್ಲಿ ಬೋರ್ಡ್ ಒಂಬತ್ತಾಗಬೇಕು, ಜೊತೆಗೊಂದು ನೈತಿಕತಾ ಆಯೋಗ ಬೇಕು. ಒಂಬತ್ತನ್ನು ನಾನು ಮನಸಾರೆ ಒಪ್ಪುತ್ತೇನೆ. ಚುನಾಯಿತ ಮುಖ್ಯಸ್ಥನೂ ಬೇಕು. ಆಲ್ಟಡೀನಾದವರು ಹುಡುಕಿದ್ದು ಅವನನ್ನೇ. ನನಗೆ ಒಪ್ಪಿಗೆಯಾಗದ್ದು ಇವೆರಡರ ಅನುಕ್ರಮ. ಇಡೀ ಕೌಂಟಿಯ ಮತದಾರರು ಆರಿಸಿದ ಪ್ರಬಲ ಮುಖ್ಯಸ್ಥನ ಎದುರು ಮೊದಲ ನಾಲ್ಕು ವರ್ಷ ಇರುವುದು ಅದೇ ಐವರ ಸಭೆ. ಮೊದಲು ಸಭೆ ಬೆಳೆಯಬೇಕಿತ್ತು, ಆಮೇಲೆ ಮುಖ್ಯಸ್ಥ ಬರಬೇಕಿತ್ತು.

ಅವಸರದ ಇನ್ನೊಂದು ಫಲ 2025ರ ಜುಲೈನಲ್ಲಿ ಬಯಲಾಯಿತು. ಸ್ಥಳೀಯ ಆದಾಯದ ಕನಿಷ್ಠ ಶೇ. 10ನ್ನು ಹಿಂದುಳಿದ ಸಮುದಾಯಗಳಿಗೂ ಜೈಲಿಗೆ ಬದಲಿಯಾದ ಸೇವೆಗಳಿಗೂ ಮೀಸಲಿಡಬೇಕೆಂದು 2020ರಲ್ಲಿ ಜನ ‘ಮೆಷರ್ ಜೆ’ಗೆ ಮತ ಹಾಕಿದ್ದರು. ಅದನ್ನು ಚಾರ್ಟರ್ ಪಠ್ಯದಲ್ಲಿ ಸೇರಿಸಲು ಕೌಂಟಿ ಮರೆತಿತ್ತು. ಹಳೆಯ ಪಠ್ಯ ಮುಂದಿಟ್ಟುಕೊಂಡು ಬರೆದ ಮೆಷರ್ ಜಿ, ಆ ಭಾಗವನ್ನೇ ಬದಲಿಸಿ, 2028ರಿಂದ ಮೆಷರ್ ಜೆ ಇಲ್ಲವಾಗುವಂತೆ ಮಾಡಿತು. ಮತ ಹಾಕಿದ ಯಾರಿಗೂ ಇದು ಗೊತ್ತಿರಲಿಲ್ಲ. ಬಡವರಿಗೆಂದು ಜನರೇ ಎತ್ತಿಟ್ಟ ಹಣ ಗುಮಾಸ್ತಿಕೆಯ ತಪ್ಪಿನಿಂದ ಅಳಿಸಿಹೋಗುವಂತಾದದ್ದು ಕ್ಷಮಿಸುವಂಥದಲ್ಲ. ಕೆಲವೇ ಜನ ಕೂತು, ಕೆಲವೇ ವಾರಗಳಲ್ಲಿ, ನೂರು ವರ್ಷದ ಚೌಕಟ್ಟನ್ನು ತಿದ್ದಲು ಹೊರಟಾಗ ಇಂಥದು ಆಗುತ್ತದೆ.

ಇನ್ನು ಉಳಿದಿರುವ ದೊಡ್ಡ ಕೆಲಸ ಒಂಬತ್ತು ಕ್ಷೇತ್ರಗಳ ಗಡಿ. ಕ್ಷೇತ್ರಕ್ಕೆ ಸುಮಾರು ಹನ್ನೊಂದು ಲಕ್ಷ ಜನರಾದರೆ, ಏಷ್ಯನ್ ಮೂಲದವರು ಹೆಚ್ಚಾಗಿ ನೆಲೆಸಿದ ಸ್ಯಾನ್ ಗೇಬ್ರಿಯಲ್ ಕಣಿವೆ ತನ್ನ ಸದಸ್ಯನನ್ನು ತಾನೇ ಆರಿಸುವ ಸಾಧ್ಯತೆ ಮೊದಲ ಬಾರಿಗೆ ಹುಟ್ಟುತ್ತದೆ. ಸಂಖ್ಯೆಯಲ್ಲಿ ಕುಗ್ಗಿ ಚದುರುತ್ತಿರುವ ಕಪ್ಪು ಜನರ ದನಿ ಮತ್ತೆ ಒಡೆದುಹೋಗುವ ಅಪಾಯವೂ ಅಷ್ಟೇ ನಿಜ. ಈ ಸಲ ಗೆರೆ ಎಳೆಯುವವರು ಕುರ್ಚಿಯ ಮೇಲೆ ಕೂತವರಲ್ಲ, ನಾಗರಿಕ ಆಯೋಗದವರು. ಅವರು ಕೆಲಸಕ್ಕೆ ಇಳಿಯುವ ಮೊದಲು ಮೆಷರ್ ಜೆಯನ್ನು ಚಾರ್ಟರಿಗೆ ಸೇರಿಸಬೇಕು, ಹೊಸ ಮುಖ್ಯಸ್ಥನ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಇಡಬೇಕು; ಎರಡೂ 2028ರ ಮತಪತ್ರ ಅಚ್ಚಾಗುವ ಮೊದಲೇ ಆಗಬೇಕು.