ಹಿಡಿದು ಬಿಡುವ ಹವ್ಯಾಸ: ಒಂದು ವಿಮರ್ಶೆ

ಜೀವದಯೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕೊಲ್ಲುವುದು ಮತ್ತು ಕೊಲ್ಲದಿರುವುದು ಎಂಬ ಎರಡೇ ತುದಿಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡುತ್ತೇವೆ. ಈ ಎರಡರ ನಡುವೆ ನಿಂತು ‘ನಾವು ಹಿಡಿಯುತ್ತೇವೆ, ಆದರೆ ಕೊಲ್ಲುವುದಿಲ್ಲ’ ಎಂದು ಹೇಳುವ ಹವ್ಯಾಸವೊಂದು ವಿದ್ಯಾವಂತರಲ್ಲಿ ಬೆಳೆದುಬಂದಿದೆ. ಗಾಳಕ್ಕೆ ಸಿಕ್ಕ ಮೀನನ್ನು ತೂಗಿ, ಅಳೆದು, ಅದರೊಡನೆ ಛಾಯಾಚಿತ್ರ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುವ ಕ್ರೀಡೆ ಅದು. ಇದಕ್ಕಾಗಿಯೇ ಸಂಘಗಳಿವೆ. ಸದಸ್ಯರಿಗೂ ಹೊಸಬರಿಗೂ ನದೀತೀರದ ಶಿಬಿರಗಳು ನಡೆಯುತ್ತವೆ.

ಮಲಪ್ರಭೆಗೆ ಹತ್ತಿರದ ಶಿರೋಳದಂಥ ಊರಿನಲ್ಲಿ ಗಾಳ ಹಿಡಿದು ಕುಳಿತವನನ್ನು ಕಂಡರೆ ಅದು ಅವನ ಹೊಟ್ಟೆಯ ಪಾಡು ಎಂದೇ ನಾವು ತಿಳಿಯುತ್ತೇವೆ. ಆದರೆ ಬೆಂಗಳೂರಿನಲ್ಲಿ ಉದ್ಯೋಗಕ್ಕಿರುವ ನಮ್ಮ ಮನೆಗಳ ಮಕ್ಕಳಿಗೆ ಗಾಳವೆಂದರೆ ರಜಾದಿನದ ವಿನೋದವಾಗಿಯೂ ಪರಿಚಯವಾಗುತ್ತದೆ. ‘ಮೀನು ಸಾಯುವುದಿಲ್ಲ, ಅದನ್ನು ತಿನ್ನುವುದೂ ಇಲ್ಲ. ಹಾಗಿದ್ದ ಮೇಲೆ ದೋಷವೇನು?’ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಇದು ಗದರಿಸಿ ಬಾಯಿ ಮುಚ್ಚಿಸಬಹುದಾದ ಪ್ರಶ್ನೆಯಲ್ಲ. ಆದ್ದರಿಂದ ಮೊದಲು ಈ ಹವ್ಯಾಸದ ಸ್ವರೂಪವನ್ನು ಅರಿತು, ಆನಂತರ ಅದರ ಗುಣದೋಷಗಳನ್ನು ತೂಗುವುದು ಉಚಿತ.

ಈ ಕ್ರೀಡೆಯ ಅತ್ಯಂತ ನಾಜೂಕಾದ ಪ್ರಕಾರ ಫ್ಲೈ ಫಿಶಿಂಗ್, ಅಂದರೆ ಕೃತಕ ನೊಣದ ಗಾಳ. ಇಲ್ಲಿ ಎರೆಹುಳುವನ್ನು ಚುಚ್ಚುವುದಿಲ್ಲ. ಸಣ್ಣ ಕೊಕ್ಕೆಯೊಂದಕ್ಕೆ ಹುಂಜದ ಗರಿ, ನವಿಲುಗರಿಯ ಎಳೆ, ಪ್ರಾಣಿಗಳ ರೋಮ, ರೇಷ್ಮೆ ಇಲ್ಲವೆ ನೈಲಾನ್ ದಾರಗಳನ್ನು ಸುತ್ತಿ ನೀರ ಮೇಲಿನ ನೊಣದಂತೆ ಕಾಣುವ ವಸ್ತುವನ್ನು ಮಾಡುತ್ತಾರೆ. ಅದಕ್ಕೆ ಭಾರವೇ ಇಲ್ಲದ ಕಾರಣ ದೂರಕ್ಕೆ ಎಸೆಯಲು ಬಾರದು. ಭಾರವಿರುವುದು ದಪ್ಪನೆಯ ದಾರಕ್ಕೆ. ಬಳುಕುವ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ನೊಣವನ್ನು ನೀರಿನ ಮೇಲೆ ಮೆಲ್ಲನೆ ಇಳಿಸಬೇಕು. ಹೊಸಬರಿಗೆ ಮೊದಲು ಹುಲ್ಲಿನ ಬಯಲಿನಲ್ಲಿ ಕೊಕ್ಕೆಯಿಲ್ಲದ ದಾರದಿಂದ ಈ ಬೀಸುವಿಕೆಯನ್ನು ಕಲಿಸುತ್ತಾರೆ. ಹೊಳೆಯ ಹರಿವು, ಕೀಟಗಳ ಋತುಮಾನ, ಮೀನು ನಿಲ್ಲುವ ಮಡು ಇವುಗಳ ಜ್ಞಾನ ಬೇಕು. ಮುಳ್ಳಿಲ್ಲದ ಕೊಕ್ಕೆ ಬಳಸಬೇಕು, ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಬೇಕು, ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡಬಾರದು, ಬಿಡುವಾಗ ಪ್ರವಾಹಕ್ಕೆ ಮುಖಮಾಡಿ ಹಿಡಿದು ಅದು ಚೇತರಿಸಿಕೊಂಡ ಮೇಲೆ ಕೈಬಿಡಬೇಕು ಎಂಬ ನಿಯಮಗಳಿವೆ. ಏಕಾಗ್ರತೆ, ತಾಳ್ಮೆ, ನಿಸರ್ಗದ ಸೂಕ್ಷ್ಮ ಅವಲೋಕನ ಇವೆಲ್ಲವೂ ಇಲ್ಲಿರುವುದನ್ನು ಅಲ್ಲಗಳೆಯಲಾಗದು.

ನಮ್ಮ ನಾಡಿನಲ್ಲಿ ಈ ಹವ್ಯಾಸದ ಮುಖ್ಯ ಕ್ಷೇತ್ರ ಕಾವೇರಿ. ಅದರ ಆಕರ್ಷಣೆ ಮಹಸೀರ್ ಎಂಬ ದೊಡ್ಡ ಹುರುಪೆಯ ಮೀನು. ಎಚ್. ಎಸ್. ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿಯೇ ಭಾರತದ ಗಾಳವಿದ್ಯೆಯ ಬಗೆಗೆ ಗ್ರಂಥ ಪ್ರಕಟಿಸಿದ್ದನು. 1946ರಲ್ಲಿ ಕಬಿನಿ ನದಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ ಮಹಸೀರ್ ಇಂದಿಗೂ ಈ ವಲಯದಲ್ಲಿ ಪ್ರಸಿದ್ಧ. ಆಗಿನ ಕಾಲದಲ್ಲಿ ಹಿಡಿಯುವುದೆಂದರೆ ಕೊಲ್ಲುವುದೇ ಆಗಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಸ್ಥೆ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಇಲ್ಲಿ ಹಿಡಿದುದನ್ನು ಬಿಡಲೇಬೇಕೆಂಬುದು ನಿಯಮವಾಯಿತು. ದೊಡ್ಡ ಮೀನಿಗೆ ಅಲ್ಲಿ ಕೃತಕ ನೊಣಕ್ಕಿಂತ ರಾಗಿಹಿಟ್ಟಿನ ಉಂಡೆಯನ್ನೇ ಹೆಚ್ಚಾಗಿ ಗಾಳಕ್ಕೆ ಸಿಕ್ಕಿಸುತ್ತಿದ್ದರು.

ಈ ಜನ ಮಾಡಿದ ಉಪಕಾರವನ್ನು ಮರೆಯುವುದು ಅನ್ಯಾಯವಾದೀತು. ಮದ್ದುಸಿಡಿಸಿ ಮಡುವಿನ ಮೀನುಗಳನ್ನೆಲ್ಲ ಒಮ್ಮೆಗೇ ಕೊಲ್ಲುವ ಪದ್ಧತಿ ಕಾವೇರಿಯಲ್ಲಿ ಬಹಳವಾಗಿತ್ತು. ಅದಕ್ಕೆ ತಡೆಯೊಡ್ಡಿದ್ದು ಈ ಶಿಬಿರಗಳ ಕಾವಲು. ಹಿಂದೆ ಕಳ್ಳತನದಿಂದ ಮೀನು ಹೊಡೆಯುತ್ತಿದ್ದ ಸ್ಥಳೀಯರಲ್ಲಿ ಕೆಲವರು ಶಿಬಿರಗಳಲ್ಲಿ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಗಾಳದವರು ಹಿಡಿದ ಮೀನುಗಳ ಲೆಕ್ಕವನ್ನೂ ಬರೆದಿಟ್ಟರು. 1998ರಿಂದ 2012ರವರೆಗಿನ ಗಾಲಿಬೋರೆಯ ದಾಖಲೆಯಲ್ಲಿ 23,620 ಗಂಟೆಗಳ ಗಾಳಗಾರಿಕೆಯೂ 6,161 ಮಹಸೀರ್‌ಗಳೂ ಲೆಕ್ಕಕ್ಕೆ ಬಂದಿವೆ. ಅಂದರೆ ಹೆಚ್ಚುಕಡಿಮೆ ನಾಲ್ಕು ಗಂಟೆಗೆ ಒಂದು ಮೀನು.

ಹಾಗಾದರೆ ದೋಷವೆಲ್ಲಿದೆ? ಕೊಕ್ಕೆ ಸಿಕ್ಕ ಕ್ಷಣದಿಂದ ಕೈಬಿಡುವ ಕ್ಷಣದವರೆಗೆ ಆ ಜೀವಕ್ಕೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಮೀನು ಹೆದರಿ ಓಡುತ್ತದೆ. ದಾರ ಅದನ್ನು ಎಳೆದು ನಿಲ್ಲಿಸುತ್ತದೆ. ದೊಡ್ಡ ಮಹಸೀರ್ ಆದರೆ ಈ ಎಳೆದಾಟ ಬಹಳ ಹೊತ್ತು ನಡೆಯುತ್ತದೆ. ಮೀನು ಪೂರ್ಣವಾಗಿ ದಣಿದ ಮೇಲೆಯೇ ದಡ ಸೇರುವುದು. ಹವ್ಯಾಸಿಗಳು ‘ಹೋರಾಟ’ವೆಂದು ಕೊಂಡಾಡುವುದು ಈ ದಣಿವನ್ನೇ. ಮೀನಿಗೆ ನೋವಿಲ್ಲವೆಂಬ ಹಳೆಯ ಸಮಾಧಾನವೂ ಈಗ ಗಟ್ಟಿಯಾಗಿ ಉಳಿದಿಲ್ಲ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಹ ವಿಜ್ಞಾನಿಗಳು ಟ್ರೌಟ್ ಮೀನಿನ ಮುಖ ಮತ್ತು ತಲೆಯ ಭಾಗದಲ್ಲಿ ಗಾಯಕ್ಕೆ ಸ್ಪಂದಿಸುವ ನರತುದಿಗಳಿರುವುದನ್ನು ತೋರಿಸಿದರು. ಮೀನಿನ ಅನುಭವ ಮನುಷ್ಯನ ನೋವಿನಂತಹುದೇ ಎಂಬ ಬಗೆಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಕೊಕ್ಕೆ ಚುಚ್ಚುವುದು ಆ ಸೂಕ್ಷ್ಮ ಭಾಗಕ್ಕೇ ಎಂಬುದರಲ್ಲಿ ವಿವಾದವಿಲ್ಲ. ಬಿಟ್ಟ ಮೀನುಗಳೆಲ್ಲ ಬದುಕುತ್ತವೆಂಬುದೂ ಸತ್ಯವಲ್ಲ. ಲೋಕದ ನಾನಾ ಕಡೆಯ ಅಧ್ಯಯನಗಳಿಂದ 274 ಅಂದಾಜುಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಬಿಟ್ಟ ಮೇಲೆ ಸಾಯುವ ಮೀನುಗಳ ಸರಾಸರಿ ಪ್ರಮಾಣ ಶೇ. 18. ಮೀನಿನ ಜಾತಿ, ಕೊಕ್ಕೆ, ನೀರಿನ ಬಿಸಿ ಇವುಗಳಿಗೆ ತಕ್ಕಂತೆ ಇದು ಬಹಳ ಹೆಚ್ಚುಕಡಿಮೆಯಾಗುತ್ತದೆ. ಆದರೂ ‘ನಾವು ಕೊಲ್ಲುವುದಿಲ್ಲ’ ಎಂಬ ಮಾತು ಲೆಕ್ಕದ ಮುಂದೆ ಪೂರ್ತಿಯಾಗಿ ನಿಲ್ಲುವುದಿಲ್ಲ.

ಒಂದು ಮೀನೂ ಸಾಯಲಿಲ್ಲವೆಂದೇ ಇಟ್ಟುಕೊಳ್ಳೋಣ. ಆಗಲೂ ನಮ್ಮ ಆಚಾರ್ಯರ ವಿಚಾರಸರಣಿಯಲ್ಲಿ ಪ್ರಶ್ನೆ ಮುಗಿಯುವುದಿಲ್ಲ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು ಅತಿಚಾರಗಳನ್ನು ಹೇಳಿದ್ದಾರೆ. ಇವುಗಳಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು ಎಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ಅಂದ ಮೇಲೆ ಈ ಐದರಲ್ಲಿ ಒಂದಾದರೂ ಪ್ರಾಣಹರಣವಲ್ಲ. ಐದೂ ಬದುಕಿರುವ ಜೀವಿಗೆ ಕೊಡುವ ಉಪದ್ರವಗಳು. ಜೀವಿಯನ್ನು ಅದು ಹೋಗಬಯಸಿದಲ್ಲಿಗೆ ಹೋಗಗೊಡದೆ ತಡೆಯುವುದು ಬಂಧ; ಅಂಗವನ್ನು ಕತ್ತರಿಸುವುದು, ಭೇದಿಸುವುದು ಛೇದ. ದಾರ ಮತ್ತು ಕೊಕ್ಕೆ ಮಾಡುವುದು ಇವೆರಡನ್ನೇ. ಇದಕ್ಕೆ ಪ್ರಯೋಜನವೇನೆಂದು ಕೇಳಿದರೆ ಹಸಿವಲ್ಲ, ವೃತ್ತಿಯಲ್ಲ, ಆತ್ಮರಕ್ಷಣೆಯಲ್ಲ, ಕೇವಲ ವಿನೋದ. ಪ್ರಯೋಜನವಿಲ್ಲದ ಪೀಡೆಯನ್ನು ಅನರ್ಥದಂಡವೆಂದು ಬೇರೆಯಾಗಿಯೇ ಹೆಸರಿಸಿದ ಪರಂಪರೆ ನಮ್ಮದು. 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ತಿಳಿಯದವರಿಲ್ಲ. ಅಲ್ಲಿ ಅರಸನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಫಲ ಅವನನ್ನು ಭವಭವಗಳಲ್ಲಿ ಬೆನ್ನಟ್ಟಿತು. ಆ ಭವಗಳಲ್ಲೊಂದರಲ್ಲಿ ಅವನು ಮೀನಾಗಿಯೂ ಹುಟ್ಟಿದನು.

ಇಲ್ಲಿ ಹವ್ಯಾಸಿಗಳ ಪರವಾಗಿ ನಮ್ಮದೇ ಕಥಾಕೋಶದಿಂದ ಒಂದು ಆಕ್ಷೇಪವನ್ನು ಎತ್ತಬಹುದು. ಮೃಗಸೇನನೆಂಬ ಬೆಸ್ತನು ಮುನಿಗಳಿಂದ ಒಂದು ಸಣ್ಣ ವ್ರತ ಪಡೆದನು: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡುವುದು. ಅಂದು ಮೊದಲ ಮೀನನ್ನು ಗುರುತು ಕಟ್ಟಿ ಬಿಟ್ಟನು. ಐದು ಸಲ ಬಲೆ ಬೀಸಿದರೂ ಅದೇ ಮೀನು ಬಂದಿತು; ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಹೋದಾಗ ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ಮುಂದಿನ ಭವದಲ್ಲಿ ಧನಕೀರ್ತಿಯಾಗಿ ಹುಟ್ಟಿ ಐದು ಸಲ ಮೃತ್ಯುವಿನಿಂದ ಪಾರಾದನು. ಹಿಡಿದು ಬಿಟ್ಟುದಕ್ಕೆ ಇಷ್ಟು ಪುಣ್ಯವಿರುವಾಗ ಗಾಳದ ಸಂಘದವರಿಗೇಕೆ ಇಲ್ಲ?

ಉತ್ತರ ಕಥೆಯೊಳಗೇ ಇದೆ. ಮೃಗಸೇನನು ಹಿಡಿದದ್ದು ಉಣ್ಣುವುದಕ್ಕೆ, ಬಿಟ್ಟದ್ದು ವ್ರತಕ್ಕೆ. ಬಿಡುವಾಗ ಅವನು ಅಂದಿನ ಊಟವನ್ನು ಬಿಟ್ಟನು, ಮನೆಯ ಆಸರೆಯನ್ನು ಕಳೆದುಕೊಂಡನು. ಬಿಡುವಿಕೆಯ ವೆಚ್ಚವನ್ನು ಬಿಟ್ಟವನೇ ಭರಿಸಿದನು. ಹವ್ಯಾಸಿಯಾದರೋ ಬಿಡುವುದಕ್ಕೆಂದೇ ಹಿಡಿಯುತ್ತಾನೆ. ಅವನು ಬಯಸಿದ ಸುಖ ಎಳೆದಾಟದಲ್ಲಿ ಆಗಲೇ ದೊರೆತಿದೆ. ಬಿಡುವಾಗ ಅವನು ಕಳೆದುಕೊಳ್ಳುವುದೇನೂ ಇಲ್ಲ. ವೆಚ್ಚವೆಲ್ಲ ಮೀನಿನದು. ಒಂದೇ ಕ್ರಿಯೆಯಂತೆ ಕಂಡರೂ ಮೊದಲನೆಯದು ತ್ಯಾಗ, ಎರಡನೆಯದು ಆಟದ ಕೊನೆಯ ಅಂಕ. ಸ್ವಿಟ್ಜರ್ಲೆಂಡಿನ ಕಾನೂನು ಕೂಡ ಈ ಭೇದವನ್ನು ಗುರುತಿಸಿದೆ. 2008ರ ಅದರ ಪ್ರಾಣಿರಕ್ಷಣಾ ನಿಯಮ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸುತ್ತದೆ. ಮಾಂಸಾಹಾರಿ ಸಮಾಜವೊಂದು ಕೂಡ ವಿನೋದಕ್ಕಾಗಿ ಪೀಡೆ ಸಲ್ಲದೆಂದು ಕಂಡುಕೊಂಡಿತೆಂಬುದು ಇಲ್ಲಿ ಗಮನಾರ್ಹ.

ನದಿಯ ರಕ್ಷಣೆಯೆಂಬ ಉಪಕಾರದಿಂದ ಈ ಪೀಡೆ ತೀರಿಹೋಗುವುದಿಲ್ಲವೆ ಎಂದರೆ, ವ್ಯಾಪಾರದ ಒಂದು ಸಾಮಾನ್ಯ ನಿಯಮವನ್ನು ನೆನಪಿಸಬೇಕಾಗುತ್ತದೆ. ಒಬ್ಬನ ಖಾತೆಗೆ ಜಮೆ ಮಾಡಿ ಇನ್ನೊಬ್ಬನ ಸಾಲ ತೀರಿತೆಂದು ಕಿರ್ದಿಯಲ್ಲಿ ಬರೆಯಲಾಗದು. ಕಾವಲಿನಿಂದ ಉಪಕಾರವಾದದ್ದು ಮೀನುಗಳ ಕುಲಕ್ಕೆ. ತುಟಿ ಹರಿದದ್ದು ಒಂದು ಮೀನಿನದು. ಮೇಲಾಗಿ ಕಾವಲಿಗೂ ಕೊಕ್ಕೆಗೂ ಅನಿವಾರ್ಯ ಸಂಬಂಧವಿಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ದೇವಾಲಯಗಳ ಆಶ್ರಯದಲ್ಲಿ ಮೀನುಗಳು ಗಾಳದ ಭಯವಿಲ್ಲದೆ ಬೆಳೆದಿವೆ. ಅಲ್ಲಿ ಮಕ್ಕಳು ಮೀನನ್ನು ಕೈಯಳತೆಯ ದೂರದಲ್ಲಿ ನೋಡುತ್ತಾರೆ. ನಿಸರ್ಗದ ಸಾಮೀಪ್ಯಕ್ಕೆ ಕೊಕ್ಕೆಯೇ ಬೇಕೆಂಬುದಕ್ಕೆ ಆಧಾರವಿಲ್ಲ.

ಆದರೆ ಇಷ್ಟಕ್ಕೇ ನಿಂತು ನಾವು ತೃಪ್ತಿಪಟ್ಟುಕೊಂಡರೆ ಅದು ಅರ್ಧ ವಿಮರ್ಶೆಯಾದೀತು. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಬೆರೆಸಿದ್ದರಿಂದ ಅಸಂಖ್ಯ ಮೀನುಗಳು ಸತ್ತವು. ಶ್ರದ್ಧೆಯೊಂದೇ ಕಾವಲಾಗದೆಂಬುದಕ್ಕೆ ಇದು ಸಾಕ್ಷಿ. ಕಾವೇರಿ ಅಭಯಾರಣ್ಯದೊಳಗೆ 2010ರ ನಂತರದ ವರ್ಷಗಳಲ್ಲಿ ಗಾಳಗಾರಿಕೆ ನಿಂತಿತು. ವನ್ಯಜೀವಿ ಕಾನೂನಿನ ದೃಷ್ಟಿಯಲ್ಲಿ ಅಭಯಾರಣ್ಯದಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ನಿಷೇಧ ಸರಿಯಾದುದೇ. ಆದರೆ ಗಾಳದವರು ಹೋದ ಮೇಲೆ ಅವರ ಹಣದಿಂದ ನಡೆಯುತ್ತಿದ್ದ ಕಾವಲಿನ ಜಾಗದಲ್ಲಿ ಯಾರು ನಿಲ್ಲಬೇಕು? ಮೃಗಸೇನನ ಅಳತೆಗೋಲು ನಮಗೂ ಅನ್ವಯಿಸುತ್ತದೆ. ಏನನ್ನೂ ವೆಚ್ಚ ಮಾಡದೆ ‘ನಾವು ಮೀನು ಮುಟ್ಟುವವರಲ್ಲ’ ಎಂದು ಹೇಳುವುದು ಸುಲಭ.

ಇನ್ನೊಂದು ಪಾಠವೂ ಇದೆ. 1970ರ ದಶಕದಿಂದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಸದುದ್ದೇಶದಿಂದ ಅನೇಕ ನದಿಗಳಿಗೆ, ಕಾವೇರಿಗೂ, ಬಿಡಲಾಯಿತು. ಗಾಲಿಬೋರೆಯ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2015ರಲ್ಲಿ ಕಂಡದ್ದೇನೆಂದರೆ, ಹೊರಗಿನಿಂದ ಬಂದ ಆ ಮೀನು ಹೆಚ್ಚುತ್ತ ಹೋಗಿ, ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಸೀರ್ ಕ್ಷೀಣಿಸಿತ್ತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ನಿಶ್ಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಪರ್ವದಿನಗಳಲ್ಲಿ ಜೀವಂತ ಮೀನು ಕೊಂಡು ಹತ್ತಿರದ ಕೆರೆಗೋ ಹೊಳೆಗೋ ಬಿಟ್ಟು ಪುಣ್ಯವೆಂದು ಭಾವಿಸುವ ನಮ್ಮ ಬಂಧುಗಳು ಇದನ್ನು ವಿಚಾರಿಸಬೇಕು. ಬಿಡುವುದಕ್ಕೂ ವಿವೇಕ ಬೇಕು. ಒಂದು ಜೀವವನ್ನು ಬಿಟ್ಟು ಆ ನೀರಿನ ಮೂಲ ಜೀವಿಗಳಿಗೆ ಸಂಕಟ ತಂದರೆ ಅದು ದಯೆಯ ಪೂರ್ಣ ರೂಪವಲ್ಲ.

ಆದುದರಿಂದ ಬಸದಿಗಳ ಟ್ರಸ್ಟುಗಳಿಗೂ ಶ್ರಾವಕ ಕುಟುಂಬಗಳಿಗೂ ಕೆಲವು ವಿನಂತಿಗಳು. ಟ್ರಸ್ಟಿನ ಒಡೆತನದ ಹೊಂಡ, ಬಾವಿ, ಕೆರೆಗಳಿದ್ದರೆ ಅವುಗಳನ್ನು ಮೀನುಹಿಡಿಯಲು ಹರಾಜು ಹಾಕದೆ, ವಿನೋದದ ಗಾಳಕ್ಕೂ ಕೊಡದೆ, ಆ ಆದಾಯದ ಖೋತಾವನ್ನು ಟ್ರಸ್ಟೇ ಸಹಿಸಬೇಕು. ಜೀವದಯೆಯ ನಿಧಿಯಲ್ಲಿ ಒಂದು ಪಾಲನ್ನು ಮೀನು ಕೊಂಡು ಬಿಡುವ ಬದಲು ನೀರಿನ ಕಾವಲಿಗೆ, ಕಾವಲುಗಾರನ ಸಂಬಳಕ್ಕೆ, ಹೊಲಸು ನೀರು ಹೊಳೆ ಸೇರದಂತೆ ತಡೆಯುವುದಕ್ಕೆ ಎತ್ತಿಡಬೇಕು. ಆ ಕಾವಲಿಗೆ ಹೊಳೆಯನ್ನು ಬಲ್ಲ ಸ್ಥಳೀಯ ಬೆಸ್ತರನ್ನೇ ನೇಮಿಸಿದರೆ ಅವರ ಹೊಟ್ಟೆಗೂ ದಾರಿಯಾಗುತ್ತದೆ. ಹಿಂಸೋಪಕರಣವನ್ನು ಒದಗಿಸುವುದೂ ಅನರ್ಥದಂಡದ ಒಂದು ಭೇದವಾಗಿರುವುದರಿಂದ ನಮ್ಮ ಅಂಗಡಿಗಳವರು ಗಾಳದ ಸಾಮಗ್ರಿಯ ಮಾರಾಟದಿಂದ ದೂರವಿರುವುದು ಲೇಸು.

ಮಕ್ಕಳಿಗೆ ಹೊಳೆಯ ಕಡೆಗೆ ಹೋಗಬೇಡಿರೆಂದು ಹೇಳುವುದು ಮಾತ್ರ ಬೇಡ. ಹರಿವನ್ನು ನೋಡುವ ತಾಳ್ಮೆ, ಕೀಟವನ್ನೂ ಮೀನನ್ನೂ ಗುರುತಿಸುವ ಕಣ್ಣು, ಕಂಡದ್ದನ್ನು ಬರೆದಿಡುವ ಶಿಸ್ತು ಇವು ಆ ಸಂಘದವರಲ್ಲಿರುವ ಒಳ್ಳೆಯ ಗುಣಗಳು. ಅವುಗಳನ್ನು ಅವರಿಂದ ಕಲಿಯುವುದರಲ್ಲಿ ಸಂಕೋಚವಿಲ್ಲ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯೂ ನವಿಲುಗರಿಯದೇ. ತಾನಾಗಿ ಉದುರಿದ ಗರಿಗಳ ಆ ಪಿಂಛಿ ಸೂಕ್ಷ್ಮ ಜೀವಿಗಳಿಗೆ ನೋವಾಗದಂತೆ ದಾರಿ ಬಿಡಿಸುವುದಕ್ಕೆ ಇದೆ. ಗರಿಯನ್ನು ಕೊಕ್ಕೆಗೆ ಸುತ್ತುವ ಕೈಚಳಕವನ್ನು ಮೆಚ್ಚುವ ನಮ್ಮ ಮಕ್ಕಳಿಗೆ ಗರಿಯ ಈ ಉಪಯೋಗವನ್ನೂ ತಿಳಿಸಿಕೊಡುವುದು ಹಿರಿಯರ ಕರ್ತವ್ಯ.