ವಿಕಾಸವೆಂಬ ಪದವೂ ‘ಕರ್ವಾಲೊ’ದ ಮುಕ್ತಾಯವೂ

ಎವಲ್ಯೂಷನ್ ಎಂಬುದಕ್ಕೆ ನಮ್ಮ ಶಾಸ್ತ್ರಲೇಖಕರು ವಿಕಾಸವೆಂಬ ಪದವನ್ನು ಗೊತ್ತುಮಾಡಿದಾಗ ಅದರೊಡನೆ ಒಂದು ಅಪಾರ್ಥವೂ ಒಳಹೊಕ್ಕಿತೆನ್ನದೆ ನಿರ್ವಾಹವಿಲ್ಲ. ವಿಕಾಸವೆಂದರೆ ಅರಳುವಿಕೆ. ಅರಳತಕ್ಕ ಹೂವು ಮೊಗ್ಗಿನಲ್ಲಿಯೇ ಅಡಗಿರುವುದರಿಂದ ಅದರ ಮುಂದಿನ ರೂಪವು ಪೂರ್ವನಿಶ್ಚಿತ. ದೋಷವೆಲ್ಲ ನಮ್ಮದೇ ಅಲ್ಲ. ಮೂಲಪದಕ್ಕೂ ಸುರುಳಿ ಬಿಚ್ಚುವುದೆಂಬ ಅರ್ಥವುಂಟು. ಡಾರ್ವಿನ್ನನಾದರೋ 1859ರ ತನ್ನ ಗ್ರಂಥದ ಮೊದಲ ಆವೃತ್ತಿಯಲ್ಲಿ ಆ ನಾಮಪದವನ್ನು ಬಳಸಲೇ ಇಲ್ಲ. ಅದರ ಕ್ರಿಯಾರೂಪವು ಕಟ್ಟಕಡೆಯ ಪದವಾಗಿ ಮಾತ್ರ ಬರುತ್ತದೆ.

ಕೋಟಿ ವರ್ಷಗಳ ಮೇಲೆ ಮನುಷ್ಯನು ಹೇಗಿರುವನೆಂದು ಕೇಳಿದರೆ, ತಲೆ ದೊಡ್ಡದು, ಕೈಕಾಲು ಸಣ್ಣವು ಎಂದು ನಾವು ಅಂಜಿಕೆಯಿಲ್ಲದೆ ಉತ್ತರಿಸುವುದು ಈ ಪದದ ಬಲದಿಂದಲೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಪಾಠಮಾಡುವಲ್ಲಿಯೂ ಇದೇ ಏಣಿಯನ್ನು ನಿಲ್ಲಿಸುವ ಅಭ್ಯಾಸವುಂಟು. ಅದಕ್ಕೆ ಗ್ರಂಥವೇ ಸ್ವಲ್ಪ ಎಡೆಗೊಡುತ್ತದೆ. ಹಾರುವ ಓತಿಯು ಅಲ್ಲಿ ಪುರಾತನಯುಗದ ಅವಶೇಷದಂತೆ ಕಾಣಿಸಿಕೊಳ್ಳುತ್ತದೆ. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಅದು ನಮ್ಮ ಬೇಲಿಯ ಓತಿಯಷ್ಟೇ ಇಂದಿನದು, ಚಾಚಿಕೊಂಡ ಪಕ್ಕೆಲುಬುಗಳ ಮೇಲಣ ಚರ್ಮವನ್ನು ಬಿಚ್ಚಿ ತೇಲುವ ಒಂದು ಓತಿ, ಅಷ್ಟೆ.

ಇನ್ನೊಂದು ತೊಡಕು. ಆಳಂದ, ಅಫಜಲಪುರ, ಜೇವರ್ಗಿಗಳ ವಿದ್ಯಾರ್ಥಿಗೆ ಮಲೆನಾಡಿನ ಆ ಕಾಡು ಬಹುದೂರ. ಜೀವಜಾತಿಗಳು ಮಾರ್ಪಡುವುದು ಅಂಥ ಕಾಡಿನಲ್ಲಿ, ಅಷ್ಟು ಹಿಂದಣ ಕಾಲದಲ್ಲಿ ಮಾತ್ರವೆಂದು ಅವನು ಭಾವಿಸಿದರೆ ಆಶ್ಚರ್ಯವೇನು? ಅವನ ಮನೆಯ ತೊಗರಿಯ ಹೊಲದಲ್ಲಿಯಾದರೋ ಅದು ಅವನ ತಂದೆಯ ಆಯುಷ್ಯದೊಳಗೇ ನಡೆದುಹೋಗಿದೆ. ಕಾಯಿಕೊರಕ ಹುಳುವಿಗೆ ಔಷಧ ಹೊಡೆದರು, ಬಹುಪಾಲು ಸತ್ತವು, ಯಾವುದೋ ಆಕಸ್ಮಿಕ ಭೇದದಿಂದ ವಿಷವನ್ನು ತಾಳಿದ ಕೆಲವು ಉಳಿದು ಸಂತಾನ ಬೆಳೆಸಿದವು. 1980ರ ದಶಕದ ಕೊನೆಗೆ, ನೆರೆಯ ಆಂಧ್ರದ ಹತ್ತಿಯ ಹೊಲಗಳಲ್ಲಿ, ಪೈರಿಥ್ರಾಯಿಡ್ ಔಷಧಗಳು ಇದೇ ಹುಳುವಿನ ಮೇಲೆ ನಿಷ್ಫಲವಾದುವು. ಔಷಧ ಬೀಳದ ಹೊಲದಲ್ಲಿ ಆ ತಾಳಿಕೆಯೇ ಹುಳುವಿಗೆ ಹೊರೆಯಾಗಲೂಬಹುದು. ಇಲ್ಲಿ ಮೇಲೇರಿದವರಾರು? ಬರುವ ವರ್ಷದ ಔಷಧವನ್ನು ಹುಳು ಬಲ್ಲದೆ? ಅಂದಂದಿನ ಹೊಲದಲ್ಲಿ ಅಂದಂದಿನ ಆಯ್ಕೆ.

ನಮ್ಮ ಹಳೆಯ ಸಾಹಿತ್ಯದಲ್ಲಿ ಇದಕ್ಕೆ ವಿರುದ್ಧವಾದ ಏಣಿಯಿದೆ. ಪಂಪನ ‘ಆದಿಪುರಾಣ’ದಲ್ಲಿ (941) ಕಲ್ಪವೃಕ್ಷಗಳು ಕ್ಷೀಣಿಸುತ್ತವೆ, ಜೈನಕಾಲಗಣನೆಯ ಅವಸರ್ಪಿಣಿಯಲ್ಲಿ ಮನುಷ್ಯನ ಆಯುಷ್ಯವೂ ಎತ್ತರವೂ ಇಳಿಯುತ್ತವೆ. ಆ ಕಾವ್ಯಕ್ಕೆ ಆಕರವಾದ ಪುರಾಣವನ್ನು ರಚಿಸಿದ ಜಿನಸೇನರು ಅಮೋಘವರ್ಷನ ಕಾಲದವರು; ಅವನ ರಾಜಧಾನಿ ಮಳಖೇಡವು ಈ ತಾಲ್ಲೂಕುಗಳ ಜಿಲ್ಲೆಯಲ್ಲಿಯೇ ಇದೆ. ಇಳಿಯುವ ಏಣಿಯೂ ಏಣಿಯೇ. ಆದರೆ ಪುರಾಣಕ್ಕೆ ಕರ್ಮವೂ ಮುಕ್ತಿಯೂ ಇರುವುದರಿಂದ ಅಲ್ಲಿ ದಿಕ್ಕು ಸಹಜ. ಆ ದಿಕ್ಕನ್ನು ತಲೆಕೆಳಗುಮಾಡಿ ವಿಜ್ಞಾನದ ಹೆಸರಿನಲ್ಲಿ ಹೇಳುವುದು ಸಹಜವಲ್ಲ.

ಈ ದೃಷ್ಟಿಯಿಂದ ‘ಕರ್ವಾಲೊ’ದ ಮುಕ್ತಾಯವೇ ಗ್ರಂಥದ ಅತ್ಯುತ್ತಮ ಭಾಗವೆಂದು ನಮ್ಮ ಮತ. ಅಷ್ಟು ಪ್ರಯಾಸದಿಂದ ಕಾಡು ಹೊಕ್ಕ ಕರ್ವಾಲೊ, ಮಂದಣ್ಣ, ಕರಿಯಪ್ಪ, ಪ್ಯಾರ ಮೊದಲಾದವರ ಕಣ್ಣೆದುರಿನಲ್ಲಿಯೇ ಓತಿಯು ಪ್ರಪಾತದ ಮೇಲಣ ಶೂನ್ಯಕ್ಕೆ ತೇಲಿ ಮರೆಯಾಗುತ್ತದೆ. ಅದು ಎಲ್ಲಿ ಇಳಿಯಿತೆಂದು ಕಾದಂಬರಿಕಾರರು ಹೇಳಲಿಲ್ಲ. “ಹಾರುವ ಓತಿಯು ಯಾವುದರ ಸಂಕೇತ?” ಎಂದು ಪ್ರಶ್ನಪತ್ರಿಕೆಯಲ್ಲಿ ಕೇಳುವವರು ಅದನ್ನು ಮತ್ತೆ ಹಿಡಿದು ತಂದು ಸೀಸೆಯೊಳಗೆ ಹಾಕುತ್ತಿದ್ದಾರೆ.