ಬೆನ್ನ ಮೇಲಿನ ರಾಣಿ

ಅಂಚೆಚೀಟಿಯ ಬೆನ್ನಿನಲ್ಲಿ ಚಿತ್ರ ಕನ್ನಡಿಯೊಳಗಿನಂತೆ ತಿರುವುಮುರುವಾಗಿ ಕಂಡರೆ ಸಾಕು, ‘ಆಫ್‌ಸೆಟ್ ಎರರ್’ ಎಂದು ಬೆಲೆ ಏರಿಸುವುದು ಕೆಲವು ವ್ಯಾಪಾರಿಗಳ ಹಳೆಯ ಚಾಳಿ. ಕೊಳ್ಳುವವರು ಕೊಂಚ ತಾಳಬೇಕು. ಇದರಲ್ಲಿ ಎರಡು ಜಾತಿಗಳಿವೆ, ಎರಡಕ್ಕೂ ಒಂದೇ ಬೆಲೆ ಕಟ್ಟುವುದು ಅನ್ಯಾಯ.

ಮಸಿ ಆರುವ ಮೊದಲೇ ಹಾಳೆಯ ಮೇಲೆ ಹಾಳೆ ಪೇರಿಸಿದರೆ, ಶಾಯಿಪೆನ್ನಿನಲ್ಲಿ ಬರೆದ ನೋಟ್‌ಬುಕ್ಕನ್ನು ತಕ್ಷಣ ಮುಚ್ಚಿದಂತೆ, ಕೆಳಗಿನದರ ಮಸಿ ಮೇಲಿನದರ ಬೆನ್ನಿಗೆ ಹತ್ತುತ್ತದೆ. ಇದು ಸೆಟ್-ಆಫ್. ಮಾಸಲು, ಅರೆಬರೆ, ಸಾಮಾನ್ಯವಾಗಿ ಓರೆ. ಇದು ಅವಸರದ ಗುರುತೇ ಹೊರತು ಅಪರೂಪದ್ದಲ್ಲ. ನಾನಂತೂ ಹೆಚ್ಚು ಹಣ ಕೊಡಲಾರೆ.

ಯಂತ್ರದೊಳಗೆ ಹಾಳೆ ಬಾರದೆ ಒಂದು ಸುತ್ತು ಖಾಲಿ ಹೋದರೆ ಆಗುವುದು ಬೇರೆ. ಮಸಿ ನೇರವಾಗಿ ಒತ್ತುವ ಸಿಲಿಂಡರಿಗೇ ಅಂಟಿ, ಹಿಂದೆ ಬರುವ ಹಾಳೆಯ ಬೆನ್ನಿಗೆ ಇಳಿಯುತ್ತದೆ. ಮೊದಲ ಹಾಳೆಯಲ್ಲಿ ಗಾಢ, ಆಮೇಲಿನವುಗಳಲ್ಲಿ ತೆಳು. ಚೀಟಿಯನ್ನು ಬೆಳಕಿಗೆ ಹಿಡಿಯಿರಿ: ಹಿಂದಿನ ಗೆರೆಗಳು ಮುಂದಿನ ಗೆರೆಗಳ ಮೇಲೆ ಚೊಕ್ಕವಾಗಿ ಕೂತರೆ ಸಿಲಿಂಡರಿನ ಕೆಲಸವೆಂದು ಭಾವಿಸಬಹುದು. ಬೆಲೆ ಸಲ್ಲಬೇಕಾದದ್ದು ಇದಕ್ಕೆ. ಚಿತ್ರ ತಿರುಗದೆ ನೆಟ್ಟಗೇ ಇದ್ದರೆ ಅದು ಬೆನ್ನಿಗೇ ಆದ ಮುದ್ರಣ. ಆ ಕಥೆ ಬೇರೆ.

ನನಗೆ ಪ್ರಿಯವಾದದ್ದು ಈ ಎರಡೂ ಅಲ್ಲ, ‘ಐವರಿ ಹೆಡ್’. ಬ್ರಿಟನ್ನಿನ ಪೆನ್ನಿ ಬ್ಲ್ಯಾಕ್ 1840ರಲ್ಲಿ ಬಂತು. ಅದರ ಮೇಲಿನ ಕೆಂಪು ಮುದ್ರೆಯನ್ನು ತೊಳೆದು ಮತ್ತೆ ಬಳಸಬಹುದೆಂಬ ಭಯದಿಂದ 1841ರಲ್ಲಿ ಚೀಟಿಯನ್ನೇ ಕೆಂಪಾಗಿಸಿ (ಇದೇ ಪೆನ್ನಿ ರೆಡ್), ಕಪ್ಪು ಮುದ್ರೆ ಒತ್ತತೊಡಗಿದರು. ಪರ್ಕಿನ್ಸ್ ಬೇಕನ್ ಸಂಸ್ಥೆ ಇವನ್ನು ಒದ್ದೆ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಮಸಿಯಲ್ಲಿದ್ದ ಪ್ರಷಿಯೇಟ್ ಆಫ್ ಪೊಟ್ಯಾಶ್ ಆ ತೇವದಲ್ಲಿ ಹರಡಿ ಕಾಗದ ನೀಲಿಗಟ್ಟಿತು. ರಾಣಿ ವಿಕ್ಟೋರಿಯಾಳ ಮುಖದ ಭಾಗದಲ್ಲಿ ಮಸಿ ಕಡಿಮೆ, ಸುತ್ತಲೂ ಹೆಚ್ಚು. ಹಾಗಾಗಿ ಕೆಲವು ಚೀಟಿಗಳನ್ನು ತಿರುವಿದರೆ ನೀಲಿಯ ನಡುವೆ ದಂತದ ಬಿಳುಪಿನ ತಲೆಯೊಂದು ಕಾಣುತ್ತದೆ. ಮುಂದೆ ಎಡಕ್ಕೆ ನೋಡುವ ರಾಣಿ ಇಲ್ಲಿ ಬಲಕ್ಕೆ ನೋಡುತ್ತಾಳೆ. ಯಾರ ಕೈತಪ್ಪೂ ಅಲ್ಲ, ಬರೀ ರಸಾಯನ. ಪೆನ್ನಿ ರೆಡ್ ಕೋಟಿಗಟ್ಟಲೆ ಅಚ್ಚಾದದ್ದರಿಂದ ಇದೇನೂ ಕೈಗೆಟುಕದ ವಸ್ತುವಲ್ಲ. ಆದರೂ ಹಿಂಜ್ ಎಂಬ ಅಂಟುಕಾಗದದ ಚೂರನ್ನು ಅಂಟಿಸಿ ಅದನ್ನು ಮುಚ್ಚಿಬಿಟ್ಟ ಆಲ್ಬಮ್‌ಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಇನ್ನು ಅಂಟಿನ ಮಾತು. ಅಚ್ಚಾದ ಮೇಲೆ ಅಂಟು ಬಳಿದ ಹಳೆಯ ಚೀಟಿಗಳಲ್ಲಿ ಹತ್ತಿದ ಮಸಿ ಅಂಟಿನ ಕೆಳಗೆ, ಕಾಗದದ ಮೇಲೆಯೇ ಇರುತ್ತದೆ, ನೆನೆಸಿದರೂ ಉಳಿಯುತ್ತದೆ. ಮೊದಲೇ ಅಂಟು ಬಳಿದ ಕಾಗದದಲ್ಲಿ ಮಸಿ ಅಂಟಿನ ಮೇಲೆ ಕೂತಿರುತ್ತದೆ. ಅಂಟು ಕರಗಿದರೆ ಚಿತ್ರವೂ ನೀರುಪಾಲು. ಆದ್ದರಿಂದ ಅಂಥ ಹೊಸ ಚೀಟಿ ಸಿಕ್ಕರೆ ಅಂಟು ಕೆಡದಂತೆ, ಹಿಂಜ್ ಹಚ್ಚದೆ, ಪಾರದರ್ಶಕ ಮೌಂಟಿನಲ್ಲಿಡಿ. ಯಾವ ಚೀಟಿಯನ್ನೂ ಬೆನ್ನು ನೋಡದೆ ನೀರಿಗೆ ಹಾಕಬೇಡಿ.